ಹನ್ನೆರಡು ಕುರಿ, ಒಂದು ಸಿಂಹ ಮತ್ತು ನನ್ನ ನಾದಿನಿಯ ವಿಮೆ

ನನ್ನ ನಾದಿನಿಯನ್ನು ಊರೆಲ್ಲ ಕರೆಯುವುದೇ ಡ್ರಿಲ್ ಮೇಡಂ ಎಂದು. ಹದಿನೆಂಟು ವರ್ಷ ಶಾಲೆಯಲ್ಲಿ ಮಕ್ಕಳನ್ನು ಓಡಿಸಿ, ಕುಣಿಸಿ, ಸಾಲಾಗಿ ನಿಲ್ಲಿಸಿ, ಕಡೆಗೆ ಮಂಡಿನೋವು ಬಂದು ಕೆಲಸ ಬಿಟ್ಟಳು. ಮಂಡಿ ನಿಂತಿತೇ ಹೊರತು ಬಾಯಿ ನಿಲ್ಲಲಿಲ್ಲ. ಮನೆಯಲ್ಲಿ ಕೂತು ಗಂಡನಿಗೇ ಅಟೆನ್ಶನ್ ಹೇಳಲು ಶುರುಮಾಡಿದಾಗ ಆ ಪುಣ್ಯಾತ್ಮ ತಾನೇ ಅರ್ಜಿ ತಂದು ಅವಳನ್ನು ವಿಮಾ ಏಜೆಂಟರ ಪರೀಕ್ಷೆಗೆ ಕೂರಿಸಿದ. ಪಾಸಾದಳು. ಸೀಟಿ ಮತ್ತು ಸ್ಟಾಪ್‌ವಾಚ್ ಮಾತ್ರ ಕೊರಳಲ್ಲೇ ಉಳಿದುಬಿಟ್ಟವು.

ನನ್ನದು ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಶಾಲೆಯ ವಾರ್ಷಿಕೋತ್ಸವಕ್ಕೆ ರಾಜ ಬೇಕೆ, ಮರ ಬೇಕೆ, ಅರ್ಧಚಂದ್ರ ಬೇಕೆ, ನನ್ನಲ್ಲಿಗೇ ಬರಬೇಕು. ಇಪ್ಪತ್ತು ವರ್ಷ ಒಂದೊಂದು ಬಾಲವನ್ನೂ ನನ್ನ ಕೈಯಾರೆ ಹೊಲಿದಿದ್ದೇನೆ. ಅಂಗಡಿಗೆ ವಿಮೆ ಮಾಡಿಸುವ ಮಾತು ಬಂದಾಗ ನನ್ನವರು ತಮ್ಮ ಗೆಳೆಯನೊಬ್ಬನ ಹೆಸರು ಹೇಳಿದರು. ಪ್ರತಿ ಹೊಸ ವರ್ಷಕ್ಕೆ ಚರ್ಮದ ಹೊದಿಕೆಯ ಡೈರಿ ಕೊಡುವ ಮನುಷ್ಯ. ಪಕ್ಕದ ಆಟಿಕೆ ಅಂಗಡಿಯವರು ಅವನಲ್ಲೇ ಮಾಡಿಸಿದ್ದರು. ಯಾರ ಹತ್ತಿರ ಮಾಡಿಸಿದರೇನು, ಕಂಪನಿ ಒಂದೇ ತಾನೇ ಎಂಬುದು ನನ್ನವರ ವಾದ. ನನಗೂ ಡೈರಿಯ ಮೇಲೆ ಕಣ್ಣಿತ್ತು. ಆದರೆ ನಾದಿನಿಯನ್ನು ಬಿಟ್ಟು ಬೇರೆಯವರ ಹತ್ತಿರ ಮಾಡಿಸಿ ಆಮೇಲೆ ಆ ಮನೆಯಲ್ಲಿ ಬಾಳುವೆ ಮಾಡುವುದುಂಟೇ?

ಡೈರಿ ಹೋದರೆ ಹೋಗಲಿ, ಬದಲಿಗೆ ನನಗೆ ಸಿಕ್ಕಿದ್ದು ರಿಹರ್ಸಲ್. ವರ್ಷಕ್ಕೊಮ್ಮೆ ಗೊತ್ತಾದ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಅಂಗಡಿಗೆ ಏನೋ ಅನಾಹುತವಾಗಿದೆ ಎಂದು ನಾನು ಅವಳಿಗೆ ಫೋನ್ ಮಾಡಬೇಕು. ಪಾಲಿಸಿ ನಂಬರ್ ಬಾಯಿಪಾಠ ಒಪ್ಪಿಸಬೇಕು. ಮೇನ್ ಸ್ವಿಚ್ ತೆಗೆದಿರಾ, ಯಾವುದನ್ನೂ ಮುಟ್ಟದೆ ಫೋಟೊ ಹಿಡಿದಿರಾ ಎಂದು ಅವಳು ಕೇಳಬೇಕು. ಹನ್ನೊಂದಕ್ಕೆ ಬಂದು ಒಂದೊಂದು ವೇಷವನ್ನೂ ನಂಬರ್ ಸಮೇತ ಫೋಟೊ ತೆಗೆದು, ನನ್ನಿಂದ ಕ್ಲೇಮ್ ಫಾರಂ ತುಂಬಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಹೋಗಬೇಕು. ಆ ನಂಬರುಗಳಾದರೂ ಎಲ್ಲಿ? ಅವಳ ಕಾಟಕ್ಕೆ ನಾನು ಪ್ರತಿ ವೇಷದ ಹೊಟ್ಟೆಯ ಒಳಗೂ ಕೆಂಪು ದಾರದಲ್ಲಿ ಹೊಲಿದಿದ್ದೆ. ಆಟಿಕೆ ಅಂಗಡಿಯವರು ಬಾಗಿಲಲ್ಲಿ ನಿಂತು ಈ ಚಂದ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು.

ಮೊದಲ ವರ್ಷ ಬೆಂಕಿ ಎಂದು ಬರೆದೆ. ಎರಡನೆಯ ವರ್ಷ ಕಳ್ಳತನ. ಮೂರನೆಯ ವರ್ಷ ಪಿತ್ತ ನೆತ್ತಿಗೇರಿ, ನಷ್ಟದ ಕಾರಣ ಎಂಬಲ್ಲಿ ಹೀಗೆ ಗೀಚಿದೆ: ಮೂಲೆಯಲ್ಲಿದ್ದ ಸಿಂಹದ ವೇಷಕ್ಕೆ ಜೀವ ಬಂದು, ಹನ್ನೆರಡು ಕುರಿಗಳನ್ನು ತಿಂದು ಕಾಲಿಗೆ ಬುದ್ಧಿ ಹೇಳಿದೆ. ನಾದಿನಿ ಓದಿದಳು. ನಗಲಿಲ್ಲ. ಸಿಂಹ ಹೋದ ದಿಕ್ಕು ಬರೆದಿಲ್ಲ ಎಂದು ಒಂದು ಅಂಕ ಕಳೆದು, ಫಾರಂ ಫೈಲಿಗೆ ಸೇರಿಸಿದಳು.

ನಾಲ್ಕನೆಯ ವರ್ಷ, ಅದೇ ರಿಹರ್ಸಲ್ ದಿನ, ನಾನು ಶಟರ್ ಎತ್ತುವ ಹೊತ್ತಿಗೆ ಮೇಲಿನ ನೀರಿನ ಟ್ಯಾಂಕ್ ಒಡೆಯಿತು. ನನ್ನ ಅಂಗಡಿಗೂ ಪಕ್ಕದ ಆಟಿಕೆ ಅಂಗಡಿಗೂ ಒಂದೇ ಟ್ಯಾಂಕು. ಸೂರಿನ ತಗಡು ಕಳಚಿ, ನೀರು ನೇರ ನನ್ನ ರಾಜರಾಣಿಯರ ನೆತ್ತಿಗೇ ಸುರಿಯಿತು. ಕುರಿಗಳು ಕೆಳಗಿನ ಕಪಾಟಿನಲ್ಲಿದ್ದವು. ಸಿಂಹದ ತಲೆ ಬಾಗಿಲ ಕಡೆಗೆ ತೇಲಿಬಂದು ನನ್ನ ಕಾಲಿಗೆ ತಾಗಿ ನಿಂತಿತು. ಐದೇ ವಾರಕ್ಕೆ ವಾರ್ಷಿಕೋತ್ಸವಗಳು. ಎಲ್ಲ ವೇಷವೂ ಬುಕ್ಕಾಗಿತ್ತು. ಹೊಸದಾಗಿ ಹೊಲಿಯಬೇಕಾದರೆ ವಿಮೆಯ ಹಣ ಬರಲೇಬೇಕು. ಬಾರದಿದ್ದರೆ ಅಂಗಡಿ ಮುಚ್ಚುವುದೇ ಗತಿ. ಮಳಿಗೆ ಬಿಟ್ಟುಕೊಡಿ ಎಂದು ಮೊಬೈಲ್ ಅಂಗಡಿಯವನೊಬ್ಬ ಆಗಲೇ ನನ್ನವರ ಬೆನ್ನು ಹತ್ತಿದ್ದ.

ಮೇನ್ ಸ್ವಿಚ್ ತೆಗೆದು, ಅಳುತ್ತಲೇ ನಾದಿನಿಗೆ ಫೋನ್ ಮಾಡಿದೆ.

“ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ ಅತ್ತಿಗೆ,” ಎಂದಳು. “ಇರಲಿ, ಬೇಗ ಮಾಡೋದು ಒಳ್ಳೇದೇ. ಪಾಲಿಸಿ ನಂಬರ್ ಹೇಳಿ.”

ನೀರು ಕಣೇ, ನಿಜವಾದ ನೀರು ಎಂದೆ. ಹೋದ ಸಲ ನಿಜವಾದ ಸಿಂಹ ಅಂದಿದ್ರಿ ಎಂದಳು. ಬಾಯಿ ಬಡಿದುಕೊಂಡೆ. ಮೂರ್ಖತನ ನೋಡಿ, ಅವಳು ಕೇಳಿದ್ದಕ್ಕೆಲ್ಲ ಬಿಕ್ಕುತ್ತಲೇ ತಪ್ಪಿಲ್ಲದೆ ಉತ್ತರವನ್ನೂ ಕೊಟ್ಟೆ. ನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ನೀವು ಅತ್ತಿದ್ದೇ ಇಲ್ಲ ಎಂದು ಹತ್ತಕ್ಕೆ ಹತ್ತು ಕೊಟ್ಟು ಫೋನ್ ಇಟ್ಟುಬಿಟ್ಟಳು. ತೇಲುವ ಸಿಂಹದ ಫೋಟೊ ಕಳಿಸಿದೆ. ಸಿಂಹವನ್ನು ಸುಮ್ಮನೆ ಒದ್ದೆ ಮಾಡಬೇಡಿ ಎಂದು ಉತ್ತರ ಬಂತು.

ಹನ್ನೊಂದಕ್ಕೆ ಸರಿಯಾಗಿ ಸ್ಟಾಪ್‌ವಾಚ್ ಹಿಡಿದು ಬಂದವಳು ಹೊಸಿಲು ದಾಟಿ ಪಾದ ಮುಳುಗುವಷ್ಟು ನೀರಿನಲ್ಲಿ ಕಾಲಿಟ್ಟಳು. ಕೆಳಗೆ ನೋಡಿದಳು. ನನ್ನ ಮುಖ ನೋಡಿದಳು. ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಒದ್ದೆಯಾದ ರಾಜನ ಸಿಂಹಾಸನದ ಮೇಲೆ ಧೊಪ್ಪನೆ ಕೂತು ಅಳಲು ಶುರುಮಾಡಿದಳು. ಸಮಾಧಾನ ಮಾಡಬೇಕಾದವಳು ನಾನಾದೆ. ಅಷ್ಟರಲ್ಲಿ ಸಿಂಹಾಸನದ ಕಾಲು ಮುರಿದು ಅವಳು ನೀರಿಗೆ ಬಿದ್ದಳು, ಇಬ್ಬರಿಗೂ ತಡೆಯಲಾರದ ನಗು ಬಂತು. ಎದ್ದವಳೇ ಸೀಟಿ ಊದಿ ಕೆಲಸಕ್ಕೆ ನಿಂತಳು.

ಫಾರಂನಲ್ಲಿ ನಾನು ಕುರಿ ಹನ್ನೆರಡು ಎಂದು ಬರೆದೆ. ಅವಳು ಕಪಾಟಿನಲ್ಲಿ ಎಣಿಸಿ, ಬಾಡಿಗೆ ಪುಸ್ತಕ ತಿರುವಿ, ಏಳನೆಯ ನಂಬರಿನ ಕುರಿ ಶಿಶುವಿಹಾರಕ್ಕೆ ಬಾಡಿಗೆಗೆ ಹೋಗಿದೆ ಎಂದು ಹನ್ನೆರಡನ್ನು ಹೊಡೆದು ಹನ್ನೊಂದು ಮಾಡಿದಳು. ನನಗೆ ಉರಿದುಹೋಯಿತು. ಅಂಗಡಿಗೆ ಅಂಗಡಿಯೇ ಮುಳುಗಿರುವಾಗ ಒಂದು ಕುರಿಗೆ ಲೆಕ್ಕವೇ, ನೀನು ನನ್ನ ಏಜೆಂಟೋ ಕಂಪನಿಯ ಏಜೆಂಟೋ ಎಂದು ಬಾಯಿಗೆ ಬಂದಂತೆ ಅಂದೆ.

“ಆ ಕುರಿ ನೆಂದಿಲ್ಲ ಅತ್ತಿಗೆ,” ಎಂದಳು ಅವಳು, ಅಷ್ಟೇ.

ಮರುದಿನ ಕಂಪನಿಯ ಸರ್ವೇಯರ್ ಬಂದರು. ನಷ್ಟವನ್ನು ಅಳೆದು ವರದಿ ಬರೆಯುವವರು ಅವರೇ. ಅಲ್ಲಿ ಏಜೆಂಟರ ಮಾತು ನಡೆಯುವುದಿಲ್ಲ. ಸಣಕಲು ದೇಹದ, ಗಂಟುಮೋರೆಯ ಮನುಷ್ಯ. ನಾದಿನಿ ಗಾಬರಿಯಲ್ಲಿ ಇಡೀ ಫೈಲನ್ನೇ ಅವರ ಕೈಗಿತ್ತಳು. ಅವರು ಹಾಳೆ ತಿರುವುತ್ತಾ ಹೋಗಿ ಒಂದು ಕಡೆ ನಿಂತರು. ಜೋರಾಗಿ, ಒಂದು ಚೂರೂ ನಗದೆ, ಸಿಂಹ ಕುರಿ ತಿಂದ ಕಥೆಯನ್ನು ಪೂರ್ತಿ ಓದಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು.

“ಬೆಂಕಿ, ಕಳ್ಳತನ, ಸಿಂಹ, ಈಗ ನೀರು. ನೀವು ಕ್ಲೇಮ್ ಮಾಡೋದನ್ನ ಅಭ್ಯಾಸ ಮಾಡ್ತೀರಾ?”

“ಹೌದು ಸರ್,” ಎಂದಳು ನನ್ನ ನಾದಿನಿ, ಅಟೆನ್ಶನ್‌ನಲ್ಲಿ ನಿಂತು. “ವರ್ಷಕ್ಕೊಂದು ಸಲ.”

ಮುಗಿಯಿತು ಕಥೆ ಅಂದುಕೊಂಡೆ. ಮೊಬೈಲ್ ಅಂಗಡಿಯವನ ಬೋರ್ಡು ಕಣ್ಣ ಮುಂದೆ ಬಂದುಹೋಯಿತು. ಸರ್ವೇಯರ್ ಹೋದ ವರ್ಷದ ಫೋಟೊಗಳನ್ನು ತೆಗೆದು ಮೇಜಿನ ಮೇಲೆ ಹರಡಿ, ಒದ್ದೆ ವೇಷಗಳನ್ನು ಒಂದೊಂದಾಗಿ ಮಗುಚಿ, ಕೆಂಪು ದಾರದ ನಂಬರ್ ಹುಡುಕಿ ಹೋಲಿಸತೊಡಗಿದರು. ಚಂದ್ರ ಸಿಕ್ಕಿದ. ಮರಗಳು ಸಿಕ್ಕವು. ಕುರಿಗಳ ಹತ್ತಿರ ಬಂದು ಎರಡು ಸಲ ಎಣಿಸಿದರು.

“ಫೋಟೊದಲ್ಲಿ ಹನ್ನೆರಡಿದೆ. ಇಲ್ಲಿ ಹನ್ನೊಂದು. ಏಳನೇದು ಎಲ್ಲಿ?”

“ಶಾಲೆಗೆ ಹೋಗಿದೆ ಸರ್,” ಎಂದಳು ನಾದಿನಿ.

ಅವರು ಫಾರಂ ನೋಡಿದರು. ಹನ್ನೆರಡನ್ನು ಹೊಡೆದು ಹನ್ನೊಂದು ಮಾಡಿದ್ದ ಜಾಗದಲ್ಲಿ ಬೆರಳಿಟ್ಟರು. “ನನ್ನ ಸರ್ವೀಸಿನಲ್ಲಿ ಇಲ್ಲದ ಮಾಲು ನೀರಲ್ಲಿ ಮುಳುಗಿದ್ದು ಬೇಕಾದಷ್ಟು ನೋಡಿದೀನಿ. ನೆನೆಯದ ಮಾಲನ್ನ ತಾವೇ ಲೆಕ್ಕದಿಂದ ಹೊಡೆದುಹಾಕಿದವರನ್ನ ಇವತ್ತೇ ನೋಡಿದ್ದು,” ಎಂದರು. ಆಗ ಅವರ ಭುಜ ಕುಲುಕಲು ಶುರುವಾಯಿತು. ಎಷ್ಟು ಹೊತ್ತಿನಿಂದ ತಡೆದಿದ್ದರೋ, ಸಿಂಹದ ಫಾರಂ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಎರಡೇ ವಾರದಲ್ಲಿ ಕ್ಲೇಮ್ ಪಾಸಾಯಿತು. ನಾಲ್ವರು ದರ್ಜಿಗಳನ್ನು ಕೂರಿಸಿ ಹೊಸ ಬಾಲಗಳನ್ನು ಹೊಲಿಸಿದೆ. ಪಕ್ಕದ ಆಟಿಕೆ ಅಂಗಡಿಯವರದು ಬೇರೆ ಪಾಡು. ಅದೇ ಕಂಪನಿ, ಅದೇ ನೀರು. ಡೈರಿಯವನ ಫೋನ್ ಸ್ವಿಚ್ ಆಫ್. ಇವರು ಸರ್ವೇಯರ್ ಬರುವ ಮೊದಲೇ ಒದ್ದೆ ಮಾಲನ್ನೆಲ್ಲ ಗುಡಿಸಿ ಕಸಕ್ಕೆ ಹಾಕಿಬಿಟ್ಟಿದ್ದರು. ಎಣಿಸುವುದಕ್ಕೆ ಏನೂ ಉಳಿದಿರಲಿಲ್ಲ. ಕಡೆಗೆ ನನ್ನ ನಾದಿನಿಯೇ ಖರೀದಿ ರಸೀದಿಗಳನ್ನು ಹುಡುಕಿಕೊಟ್ಟು, ಅಲೆದಾಡಿದ್ದರಿಂದ ಮೂರು ತಿಂಗಳ ಮೇಲೆ ಹಣ ಅರ್ಧಂಬರ್ಧ ಬಂತು. ಈಗ ಅವರೂ ರಿಹರ್ಸಲ್ ಮಾಡುತ್ತಾರೆ. ನಾನು ಬಾಗಿಲಲ್ಲಿ ನಿಂತು ನಗುತ್ತೇನೆ.

ಅವತ್ತು ಅಂದ ಮಾತಿಗೆ ನಾನು ಕ್ಷಮೆ ಕೇಳಿರಲಿಲ್ಲ. ಕೇಳಬೇಕು ಅಂದುಕೊಂಡಾಗೆಲ್ಲ ಅವಳು ಏನಾದರೂ ಫಾರಂ ಮುಂದೆ ಹಿಡಿಯುತ್ತಿದ್ದಳು. ಹೀಗೇ ವರ್ಷ ತುಂಬಿತು. ಹಿಂದಿನ ದಿನ ಅವಳೇ ನೆನಪಿಸಿದಳು: ನಾಳೆ ಹತ್ತಕ್ಕೆ ರಿಹರ್ಸಲ್, ಮರೀಬೇಡಿ. ಸರಿಯಾಗಿ ಹತ್ತಕ್ಕೆ ಫೋನ್ ಮಾಡಿ, ಅಂಗಡಿಗೆ ಬೆಂಕಿ ಬಿದ್ದಿದೆ ಎಂದೆ. ಅವಳು ಪಾಲಿಸಿ ನಂಬರ್ ಕೇಳಲಿಲ್ಲ. ಫೋನ್ ಕಟ್ಟಾಯಿತು.

ಹತ್ತು ನಿಮಿಷಕ್ಕೆ ಆಟೋದಿಂದ ಇಳಿದಳು. ಕಾಲಿಗೆ ಒಂದು ತನ್ನ ಚಪ್ಪಲಿ, ಇನ್ನೊಂದು ಗಂಡನದು. ಒಂದು ಕೈಯಲ್ಲಿ ನೀರು ತುಂಬಿದ ಬಕೆಟ್ಟು, ಮಂಡಿನೋವಿನ ಕಾಲನ್ನು ಎಳೆದುಕೊಂಡೇ ಓಟ. ಮೇಲಿಂದ ಕೆಳಗೆ ನನ್ನನ್ನು ತಡವಿ, ಎಲ್ಲೂ ಸುಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಳಗೆ ಇಣುಕಿದಳು. ಸಿಂಹ ಮೂಲೆಯಲ್ಲಿ ತಣ್ಣಗೆ ಕೂತಿತ್ತು.

“ಇವತ್ತು ರಿಹರ್ಸಲ್ ಅಲ್ವೇನೇ, ನೀನೇ ಹೇಳಿದ್ದು,” ಎಂದೆ.

“ಗೊತ್ತು ಅತ್ತಿಗೆ,” ಎಂದಳು ಏದುಸಿರು ಬಿಡುತ್ತಾ. “ಹೋದ ಸಲಾನೂ ಗೊತ್ತಿತ್ತು.”

ಬಕೆಟ್ಟನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟೆ. ಒಂದು ವರ್ಷದಿಂದ ಗಂಟಲಲ್ಲೇ ಉಳಿದಿದ್ದ ತಪ್ಪಾಯ್ತು ಕಣೇ ಎಂಬ ಮಾತು ತಾನಾಗಿ ಹೊರಗೆ ಬಂತು. ಅವಳು ಕೇಳಿಸಿಕೊಂಡಳು, ಕಣ್ಣು ಒರೆಸಿಕೊಂಡಳು, ಆಮೇಲೆ ಸ್ಟಾಪ್‌ವಾಚ್ ಒತ್ತಿ, ಪಾಲಿಸಿ ನಂಬರ್ ಹೇಳಿ ಎಂದಳು.