ಚಪ್ಪಲಿ ಬಿಟ್ಟು ನೋಡಬೇಕಾದ ಇಂಟರ್‌ನೆಟ್

‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ನೋಡಿ, ಒಳಗೆ ಯಾವ ದೇವರಿದ್ದಾನೋ ಎಂದು ಸೆರಗು ಸರಿಮಾಡಿಕೊಂಡೆ. ಒಳಗಿದ್ದದ್ದು ಒಂದು ಕಂಪ್ಯೂಟರ್. ಮೈತುಂಬ ಹೂವಿನ ಬಟ್ಟೆ ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಕಲಬುರಗಿಯ ಜಗತ್ ವೃತ್ತದ ಹತ್ತಿರದ ವಾಚನಾಲಯಕ್ಕೆ ನಾನು ಗುಮಾಸ್ತೆಯಾಗಿ ಸೇರಿದ ಮೊದಲ ದಿನ ಅದು. ‘ಸಾರ್ವಜನಿಕರಿಗೆ ಉಚಿತ ಇಂಟರ್‌ನೆಟ್’ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಅಲ್ಲಿಯವರೆಗೆ ಸಾರ್ವಜನಿಕರಲ್ಲಿ ಒಬ್ಬರೂ ಅದನ್ನು ಮುಟ್ಟಿರಲಿಲ್ಲ.

ನನ್ನೂರು ಕಮಲಾಪುರದವರೇ, ನಿಮಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಬಸ್ ಸ್ಟ್ಯಾಂಡಿನ ಅರವಟಿಗೆಯಲ್ಲಿ ನೀರು ಕುಡಿಯುವವರ ಹೆಸರು ಯಾರೂ ಕೇಳುವುದಿಲ್ಲ. ಇಲ್ಲಿ ಬಿಟ್ಟಿ ಇಂಟರ್‌ನೆಟ್ ನೋಡಲು ಗೆಜೆಟೆಡ್ ಅಧಿಕಾರಿಯ ಸಹಿ ಇರುವ ಪತ್ರ ತರಬೇಕು. ಮೇಲಾಗಿ ಇರುವುದು ಒಂದೇ ಫೋನ್ ಲೈನು. ಇಂಟರ್‌ನೆಟ್ ಹಚ್ಚಿದರೆ ವಾಚನಾಲಯದ ಮುಖ್ಯಸ್ಥರಾದ ಸಾಹೇಬರ ಫೋನು ಬಂದ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ.

ನನಗೆ ಬಾಡಿಗೆಗೆ ಸಿಕ್ಕಿದ್ದು ರೋಜಾ ಬಡಾವಣೆಯಲ್ಲಿ, ಮೆಹಬೂಬಬಿ ಆಪಾ ಅವರ ಮನೆಯ ಹಿಂದಿನ ಕೋಣೆ. ಆಪಾ ಎಂದರೆ ಅಕ್ಕ. ಓಣಿಯವರ ದಖನಿ ಉರ್ದು ಮಾತು ಒಂದೂ ತಿಳಿಯದೆ ಮೊದಲ ವಾರ ಕದ ಹಾಕಿಕೊಂಡು ಅತ್ತಿದ್ದೇನೆ. ಆಮೇಲೆ ನನ್ನ ಜೋಳದ ರೊಟ್ಟಿ ಆಚೆ ಹೋಯಿತು, ಆಪಾನ ಖಟ್ಟಿ ದಾಲ್, ಅಂದರೆ ಹುಳಿ ಬೇಳೆ, ಈಚೆ ಬಂತು. ಮಾತೂ ಅದರ ಹಿಂದೆಯೇ ಬಂತು.

ನಲವತ್ತು ದಾಟಿದ ಆಪಾ ಯಾರಿಗೂ ಹೇಳದೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದರು. ಫಲಿತಾಂಶ ಇಂಟರ್‌ನೆಟ್ಟಿನಲ್ಲಿ ಬಂದ ದಿನ, ಸ್ಟೇಶನ್ ಬಜಾರದ ಸೈಬರ್ ಸೆಂಟರಿನಲ್ಲಿ ಗಂಡಸರ ನಡುವೆ ಕೂಡಲು ಧೈರ್ಯ ಸಾಲದೆ, ಹಾಲ್ ಟಿಕೆಟ್ ಹಿಡಿದು ನಮ್ಮ ವಾಚನಾಲಯಕ್ಕೇ ಬಂದರು.

“ಪತ್ರ ಎಲ್ಲದ?” ಎಂದರು ಸಾಹೇಬರು. “ಫುಕಟ್ ಅದ ಅಂತ ಎಲ್ಲಾರೂ ಬಂದ್ರ ಮಷೀನ್ ಉಳೀತದೇನ್ರಿ?”

ನನಗೆ ರೇಗಿಹೋಯಿತು. ಹೂವಿನ ಬಟ್ಟೆ ಕಿತ್ತು ಮೂಲೆಗೆ ಎಸೆದೆ. ಸಾಹೇಬರ ಫೋನಿನ ವೈರು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದೆ.

“ಬರ್ರಿ ಆಪಾ, ಚಪ್ಪಲಿ ಹಾಕ್ಕೊಂಡೇ ಬರ್ರಿ. ಗ್ವಾಡಿ ಮ್ಯಾಲ ಬರದದ್ದು ನಿಮಗಾಗೇ ಅದ!”

ಯಂತ್ರ ಕೀಂಯ್ ಕರ್ರ್ ಎಂದು ಬಹಳ ಹೊತ್ತು ಒದ್ದಾಡಿ ಪುಟ ತೆರೆಯಿತು. ಉಳಿದೆಲ್ಲ ಪಾಸು, ಗಣಿತದಲ್ಲಿ ಫೇಲು. ನನ್ನ ಕಣ್ಣು ತುಂಬಿತು. ಆಪಾ ಮಾತ್ರ ಹಾಲ್ ಟಿಕೆಟ್ಟನ್ನು ಮಡಚಿ ಚೀಲಕ್ಕೆ ಹಾಕಿದರು.

“ಒಂದೇ ಉಳೀತಲ್ಲ? ಮತ್ತ ಕಟ್ತೀನಿ. ನೀ ಇದಕ್ಕ ಮತ್ತ ಬಟ್ಟಿ ಹೊಚ್ಚಬ್ಯಾಡ, ತಂಗಿ.”

ಮರುದಿನ ಸಾಹೇಬರು ಕರೆಸಿದರು. “ಹಿಂಗೇ ಮಾಡಿದ್ರ ನಿಮ್ಮನ್ನ ವರ್ಗಾ ಮಾಡಿ ಕಮಲಾಪುರಕ್ಕ ಒಗೀತೀನಿ ನೋಡ್ರಿ.”

“ಒಗೀರಿ ಸಾಹೇಬ್ರ. ಅದು ನಮ್ಮೂರು, ಜೇಲಲ್ಲ. ಆದ್ರ ಇಲ್ಲಿರೂ ತನಕ ನಾ ಬಟ್ಟಿ ಹೊಚ್ಚಂಗಿಲ್ಲ,” ಎಂದೆ.

ಆ ಬಟ್ಟೆ ಈಗ ಮೇಜು ಒರೆಸಲು ಬಳಕೆಯಾಗುತ್ತಿದೆ. ಸ್ಟೇಶನ್ನಿನ ಹಮಾಲರು ಬರುತ್ತಾರೆ, ರೋಜಾದ ಹೆಣ್ಣುಮಕ್ಕಳು ಬರುತ್ತಾರೆ, ಚಪ್ಪಲಿ ಸಮೇತ. ಸಾಹೇಬರು ದಿನವೂ ಗೊಣಗುತ್ತಾರೆ. ವರ್ಗಾವಣೆಯ ಆದೇಶ ಇನ್ನೂ ಬಂದಿಲ್ಲ.

ನಿಜ ಹೇಳುತ್ತೇನೆ, ಸಂತೆಯಲ್ಲಿ ನಮ್ಮೂರಿನ ಕೆಂಪು ಬಾಳೆ ಕಂಡರೆ ಇವತ್ತಿಗೂ ಊರಿನ ಬಸ್ಸು ಹತ್ತಿಬಿಡೋಣ ಅನ್ನಿಸುತ್ತದೆ. ಆದರೆ ನನ್ನ ಕೋಣೆಯ ಹೊಸ್ತಿಲ ಮೇಲೆ ಆಪಾ ಪ್ರತಿ ಸಂಜೆ ಲೆಕ್ಕ ಬಿಡಿಸುತ್ತ ಕೂಡುತ್ತಾರೆ. ಅವರು ಪಾಸಾಗುವ ತನಕ ನಾನು ಈ ಊರು ಬಿಡುವವಳಲ್ಲ. ಆಮೇಲೆ ಕಮಲಾಪುರಕ್ಕೆ ನಾನಾಗಿಯೇ ಬರುತ್ತೇನೆ. ಯಾರೂ ಒಗೆಯಬೇಕಾಗಿಲ್ಲ.