ಸರಿದೂಗಿದ ತಕ್ಕಡಿ

ನನ್ನ ಗಂಡನ ಬಂದೂಕು ಬೇಟೆಯದಲ್ಲ, ಗುರಿಯದು. ದಪ್ಪ ನಳಿಗೆ, ಕಣ್ಣಿಟ್ಟು ನೋಡಲು ಸಣ್ಣ ರಂಧ್ರದ ತಗಡು, ಕೆನ್ನೆಗೆ ಸರಿಹೊಂದುವ ಮರದ ಹಿಡಿ. ದೇಶ ಬಿಟ್ಟು ಹೊರಟಿದ್ದ ಇಂಗ್ಲಿಷ್ ಅಧಿಕಾರಿಯಿಂದ ಇವರ ಪಲ್ಟಣದ ಸುಬೇದಾರರು ಕೊಂಡಿದ್ದರು. ವಯಸ್ಸಾದ ಮೇಲೆ ಇವರಿಗೆ ದಾಟಿಸಿದರು. ಅಂಥದನ್ನು ಈಗ ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರಂತೆ. ಅರವತ್ತರ ದಶಕದ ಆರಂಭದಲ್ಲಿ ಬಸವನ ಬಾಗೇವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಅದು ಕಬ್ಬಿಣದ ಪೆಟ್ಟಿಗೆಯೊಳಗೆ, ಪರವಾನಗಿಯ ಜೊತೆಗೆ ಇರುತ್ತಿತ್ತು.

ಇವರು ಪಲ್ಟಣದಿಂದ ಬಂದು ರಸ್ತೆ ಇಲಾಖೆ ಸೇರಿದವರು. ನಾನು ಸರಕಾರಿ ದವಾಖಾನೆಯಲ್ಲಿ ನರ್ಸ್. ಔಷಧದ ಬಾಟಲಿ ಎತ್ತುವಾಗ, ಸುರಿಯುವಾಗ, ಮರಳಿ ಇಡುವಾಗ, ಹೀಗೆ ಮೂರು ಸಲ ಚೀಟಿ ಓದಬೇಕೆಂದು ತರಬೇತಿಯಲ್ಲಿ ನಮ್ಮ ತಲೆಗೆ ಬಡಿದಿದ್ದರು. ಆ ಅಭ್ಯಾಸ ಮನೆಯಲ್ಲೂ ಬಿಡಲಿಲ್ಲ.

ಆ ಬಂದೂಕಿನ ಕಾಡತೂಸು ನಮ್ಮ ಕಡೆ ಸಿಗುತ್ತಿರಲಿಲ್ಲ. ಹಾರಿಸಿದ ಹಿತ್ತಾಳೆಯ ಕಾಡತೂಸಿಗೇ ಮತ್ತೆ ಮದ್ದು ತುಂಬಿ, ಸೀಸದ ಗುಂಡು ಕೂಡಿಸಿ ಬಳಸುತ್ತಿದ್ದರು. ಅದಕ್ಕೂ ಅಪ್ಪಣೆ ಪಡೆದಿದ್ದರು. ತೂಗಲು ಬಂಗಾರ ತೂಗುವ ಪತ್ತಾರರ ಸಣ್ಣ ತಕ್ಕಡಿ. ಐದು ಕಾಡತೂಸಿಗೆ ಒಂದು ತೂಕ, ಮುಂದಿನ ಐದಕ್ಕೆ ಕೂದಲೆಳೆಯಷ್ಟು ಹೆಚ್ಚು. ಯಾವ ತೂಕದ ಐದು ತೂತುಗಳು ಕಾಗದದ ಮೇಲೆ ಒಂದರ ಪಕ್ಕ ಒಂದು ಒತ್ತಿ ಬೀಳುತ್ತವೋ ಅದೇ ಬಂದೂಕಿಗೆ ಒಪ್ಪಿದ ತೂಕ.

ಮದ್ದು ಕಾಡತೂಸಿನ ಅರ್ಧಕ್ಕೂ ಬರುತ್ತಿರಲಿಲ್ಲ. ಅಪಾಯ ಇದ್ದದ್ದೇ ಅಲ್ಲಿ. ಮರೆತು ಎರಡು ಸಲ ಸುರಿದರೂ ಅದು ಹಿಡಿಸುತ್ತಿತ್ತು. ಹಾರಿಸಿದರೆ ಬಂದೂಕಿನ ಹಿಂಭಾಗ ಒಡೆದು ಮುಖಕ್ಕೆ ಬರಬಹುದು. ಆದ್ದರಿಂದ ಇವರದೊಂದು ಕಟ್ಟುನಿಟ್ಟಿನ ನಿಯಮ: ತಕ್ಕಡಿಯ ಪರಡಿಯಲ್ಲಿ, ಅಂದರೆ ತಟ್ಟೆಯಲ್ಲಿ, ಮದ್ದಿದ್ದರೆ ಕಾಡತೂಸು ಇನ್ನೂ ಖಾಲಿ, ತಟ್ಟೆ ಬರಿದಾಗಿದ್ದರೆ ಕಾಡತೂಸು ತುಂಬಿದೆ.

ಆ ಭಾನುವಾರ ನಾನು ಪಾಳಿ ಮುಗಿಸಿ ಬಂದಾಗ ಇವರು ಗುರಿಯ ಜೊತೆಗಾರರಾದ ಶಾಲೆಯ ಡ್ರಿಲ್ ಮಾಸ್ತರರೊಡನೆ ಆಗಲೇ ಹೊರಟುಹೋಗಿದ್ದರು. ಮುಂದಿನ ವಾರ ವಿಜಾಪುರದಲ್ಲಿ ಗುರಿಕಾರರ ಆಯ್ಕೆ ಇತ್ತು. ಅಷ್ಟರಲ್ಲಿ ತೂಕ ನಿಶ್ಚಯವಾಗಬೇಕಿತ್ತು. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅವರು ನಾಲತವಾಡದ ಕಿರಾಣಿ ಅಂಗಡಿಯವರ ಮಗಳು.

"ನಿನ್ನ ಗಂಡಗ ತಕ್ಕಡಿ ಹಿಡ್ಯಾಕ ಯಾರು ಕಲಿಸ್ಯಾರವಾ?" ಎಂದರು.

"ಯಾಕ್ರಿ ಅತ್ತಿ?"

"ಡ್ರಿಲ್ ಮಾಸ್ತರ ಬಾಗಿಲಿಗೆ ಬಂದು ಕರದಾ ಅಂತ ಎದ್ದು ಹ್ವಾದ. ಒಂದ್ ಪರಡ್ಯಾಗ ತೂಕ, ಇನ್ನೊಂದು ಬರಿದು. ತಕ್ಕಡಿ ಹಂಗ ವಾಲಿಸಿ ಬಿಡ್ತಾರೇನು? ಹುಲುಸು ಹೋಗ್ತೈತಿ. ನಮ್ಮಪ್ಪ ಕಂಡಿದ್ರ ಕಪಾಳಕ್ಕ ಕೊಡ್ತಿದ್ದ."

ತಟ್ಟೆ ಬರಿದೆಂದರೆ ಆ ಕಾಡತೂಸಿಗೆ ಮದ್ದು ಆಗಲೇ ಬಿದ್ದಿತ್ತು. "ನೀವೇನ್ ಮಾಡಿದ್ರಿ?"

"ಬಾಟ್ಲ್ಯಾಗಿನ ಕರಿ ಪುಡಿ ಹಾಕಿ ಸರಿದೂಗಿಸಿ ಇಟ್ಟೆ. ಒಂದ್ ಕಾಳು ಹೆಚ್ಚಿಲ್ಲ, ಒಂದ್ ಕಾಳು ಕಮ್ಮಿಲ್ಲ."

"ಅವರು ಒಳಗ ಬಂದ ಮ್ಯಾಲೆ?"

"ಪರಡಿ ಎತ್ತಿ ಸುರದಾ, ಗುಂಡು ಒತ್ತಿದಾ. ಉಳಿದಿದ್ದ ಒಂದೆರಡು ತುಂಬಿ ಹ್ವಾದ."

"ಪುಡಿ ನೀವು ಹಾಕಿದ್ದು ಹೇಳಿದ್ರೇನು?"

"ಹೇಳಾಕ ಅದೇನ್ ಬಂಗಾರೇನು?"

ಇನ್ನೆರಡು ಸಲ ಕೇಳಿದೆ. ಮಾತು ಬದಲಾಗಲಿಲ್ಲ. ಬಿಳಿ ಸೀರೆಯಲ್ಲೇ ಓಡಿದೆ.

ಇವರು ಗುರಿ ಹೊಡೆಯುತ್ತಿದ್ದುದು ಊರಾಚೆಯ ಹಳೆಯ ಕಲ್ಲಿನ ಖಣಿಯಲ್ಲಿ. ಜೋಳದ ಹೊಲಗಳ ನಡುವೆ ಹೋಗುವಾಗಲೇ ಢಂ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು. ಹಾರಿಸಿದ ಕೈ ಮತ್ತೆ ಹಾರಿಸಿದೆಯೆಂದರೆ ಹಿಂದಿನದರಲ್ಲಿ ಏನೂ ಆಗಿಲ್ಲ. ಆದರೆ ಆ ಸಮಾಧಾನ ಮುಂದಿನ ಸದ್ದಿನವರೆಗೂ ಉಳಿಯುತ್ತಿರಲಿಲ್ಲ.

ಆಮೇಲೆ ಸದ್ದೇ ನಿಂತಿತು.

ಕಾಗದ ಬದಲಿಸಲು ಹೋಗಿರಬೇಕು ಎಂದುಕೊಂಡೆ. ಬಿದ್ದಿರಬೇಕು ಎಂದೂ ಅನ್ನಿಸಿತು. ಗಾಯಕ್ಕೆ ಕಟ್ಟಲು ಏನೂ ತಂದಿಲ್ಲವೆಂದು ಆಗ ಹೊಳೆದು, ಓಡುತ್ತಲೇ ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡೆ. ಹತ್ತಿರದ ದಾರಿ ಗುರಿಯ ಹಲಗೆಯ ಹಿಂದಿನಿಂದ ಹಾಯುತ್ತಿತ್ತು. ಅಲ್ಲಿ ಹೋದರೆ ನನಗೇ ಗುಂಡು ಬೀಳಬಹುದು. ಖಣಿಯನ್ನು ಬಳಸಿ ಹೋಗಲೇಬೇಕಾಯಿತು. ಆ ಬಳಸು ದಾರಿಯಷ್ಟು ಉದ್ದದ ದಾರಿಯನ್ನು ನಾನು ಬಾಳಿನಲ್ಲಿ ನಡೆದಿಲ್ಲ.

ತಿರುವು ದಾಟಿದಾಗ ಕಂಡರು. ಗೋಣಿತಟ್ಟಿನ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಹಿಡಿಗೆ ಒತ್ತಿ, ಉಸಿರು ಹಿಡಿದಿದ್ದರು.

"ನಿಲ್ಲಿಸ್ರಿ!" ಎಂದು ಕಿರುಚಿದೆ.

ಪಲ್ಟಣದ ಅಭ್ಯಾಸ. ಯಾರು, ಏಕೆ ಎಂದು ನೋಡಲಿಲ್ಲ. ಖಟಕ್ಕನೆ ಬಂದೂಕಿನ ಬೋಲ್ಟು ಎಳೆದರು. ಕಾಡತೂಸು ಗೋಣಿತಟ್ಟಿನ ಮೇಲೆ ಉರುಳಿತು.

ಪಕ್ಕದಲ್ಲಿ ಕುಳಿತಿದ್ದ ಡ್ರಿಲ್ ಮಾಸ್ತರರು ಎದ್ದು ನಿಂತು ನಕ್ಕರು. "ಏನ್ರಿ ವೈನಿ, ದವಾಖಾನ್ಯಾಗ ಪೇಷಂಟ್ ಸಾಲಲಿಲ್ಲೇನು?"

ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳಿದೆ. ಇವರಿಗೆ ಸಿಟ್ಟು ಬಂತು. "ನಾ ತೂಗದ ಹಾಕಾಂವಲ್ಲ. ತಕ್ಕಡಿ ಸರಿದೂಗಿತ್ತು, ನಾನs ನೋಡೇನಿ."

"ಸರಿದೂಗಿಸಿದವರು ನಿಮ್ಮವ್ವ."

ಮಾಸ್ತರರ ನಗು ನಿಂತಿತು. "ನಾ ಕರದಾಗ ಯಾವ ಸಾಲು ತುಂಬಾಕತ್ತಿದ್ದಿ?" ಎಂದು ಕೇಳಿದರು.

ಇವರು ಕಾಡತೂಸುಗಳನ್ನು ಐದೈದರ ಸಾಲಿನಲ್ಲಿ ನಿಲ್ಲಿಸುವ ಮರದ ಹಲಗೆಯತ್ತ ತಿರುಗಿದರು. ಅದರಲ್ಲಿ ಕೊನೆಯ ಸಾಲು ಮಾತ್ರ ಉಳಿದಿತ್ತು: ನಾಲ್ಕು ನಿಂತಿದ್ದವು, ಒಂದು ಗೋಣಿತಟ್ಟಿನ ಮೇಲೆ. ಇವರು ಐದನ್ನೂ ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಒಂದೊಂದೇ ಗುಂಡು ಎಳೆದು, ಮದ್ದನ್ನು ಬಿಳಿ ಕಾಗದದ ಮೇಲೆ ಸುರಿದು ತೂಗಿದರು. ಮೊದಲನೆಯದು ಸರಿ. ಎರಡನೆಯದು, ಮೂರನೆಯದು ಸರಿ. ನನಗೇ ಸಂಶಯ ಬಂತು: ಬರಿದೇ ಓಡಿದೆನೇನೋ? ನಾಲ್ಕನೆಯದನ್ನು ಬಗ್ಗಿಸಿದರು. ಮದ್ದು ಬಿತ್ತು, ನಿಲ್ಲಲಿಲ್ಲ, ಇನ್ನೂ ಬಿತ್ತು. ಕಾಗದದ ಮೇಲಿನ ಗುಡ್ಡೆ ಉಳಿದವುಗಳ ಎರಡರಷ್ಟಾಯಿತು.

"ಏನಾತೋ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ಏನಿಲ್ಲವ್ವ," ಎಂದರು ಇವರು.

ಅವರ ಬಲಗಣ್ಣಿನ ಕೆಳಗೆ, ಬಂದೂಕಿನ ಹಿಡಿ ಒತ್ತಿದ ಕಡೆ, ಕೆಂಪು ಗುರುತು ಇತ್ತು. ನಾನು ಅರಿವೆ ಒದ್ದೆ ಮಾಡಿ ತಂದು ಅಲ್ಲಿ ಒರಸತೊಡಗಿದೆ.

"ಗಾಯಿಲ್ಲ, ಏನಿಲ್ಲ. ಯಾಕ ಒರಸ್ತಿ?"

"ಸುಮ್ಮ ಕುಂಡ್ರಿ," ಎಂದೆ. ಕುಳಿತರು.