ಅಜ್ಜಿಯ ಕಾಫಿಗೆ ಒಂದು ಹಿಡಿ ಹುಲ್ಲು

ಆಗೆಲ್ಲ ನಮ್ಮ ಬನಶಂಕರಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಾಗಿಲಲ್ಲಿ ನಿಂತರೆ ಹೊಸಕೆರೆಹಳ್ಳಿಯ ಕಡೆಯ ಇಳಿಜಾರೆಲ್ಲ ಕಾಣುತ್ತಿತ್ತು. ಎಂಬತ್ತರ ದಶಕದ ಶುರು. ನನಗೆ ಒಂಬತ್ತೋ ಹತ್ತೋ ವರ್ಷ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವುದು ನನ್ನ ಕೆಲಸ. ಶ್ರಾವಣದ ಒಂದು ಬೆಳಗ್ಗೆ ಚುಕ್ಕಿಯಿಟ್ಟು ಗೆರೆ ಸೇರಿಸುತ್ತಿದ್ದೆ. ಅಕ್ಕ ಪದ್ಮ ಗೇಟಿನಿಂದ ಓಡಿಬಂದು, ನನ್ನ ಚುಕ್ಕಿಗಳನ್ನೆಲ್ಲ ತುಳಿದುಕೊಂಡೇ ಕೂಗಿದಳು.

"ಅಮ್ಮಾ, ಗೌರಿ ತಿನ್ನಲಿಲ್ಲ! ಮೂಸಿ ನೋಡಿ ಮುಖ ತಿರುಗಿಸ್ಬಿಟ್ಳು!"

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದು. ಹಿಂದೆಯೇ ಅಮ್ಮನ ದನಿ: "ರಾಮ ರಾಮಾ, ಇವತ್ತು ನಾವೆಲ್ಲ ಸತ್ವಿ."

ಗೌರಿ ಅಂದರೆ ಹಸು. ಹೊಸಕೆರೆಹಳ್ಳಿಯ ಕೆಂಪಮ್ಮ ದಿನಾ ಅದನ್ನು ಹೊಡೆದುಕೊಂಡು ಬಂದು, ಬಾಗಿಲಲ್ಲೇ ನಮ್ಮ ಕಣ್ಣೆದುರಿಗೆ ಹಾಲು ಕರೆದು ಕೊಡುತ್ತಿದ್ದಳು. ಅದು ಹುಲ್ಲು ತಿನ್ನದಿದ್ದರೆ ನಾವು ಸಾಯಬೇಕಾದದ್ದು ಅಜ್ಜಿಯ ಹರಕೆಯಿಂದ. ಆ ವರ್ಷ ಅಪ್ಪನಿಗೆ ರಾಯಚೂರಿಗೆ ವರ್ಗವಾಗಿತ್ತು. ಅದು ರದ್ದಾದರೆ ಶ್ರಾವಣ ಪೂರ್ತಿ, ಮನೆಯವರೇ ಕೈಯಾರೆ ಕಿತ್ತು ತಂದ ಒಂದು ಹಿಡಿ ಹಸಿ ಹುಲ್ಲನ್ನು ಗೋಮಾತೆ ತಿಂದ ಮೇಲೆಯೇ ಬಾಯಿಗೆ ನೀರು ಹಾಕುತ್ತೇನೆ ಎಂದು ಅಜ್ಜಿ ದೇವರ ಮುಂದೆ ಹೇಳಿಕೊಂಡಿದ್ದರು. ದೇವರು ದಯಾಮಯ, ವರ್ಗ ರದ್ದಾಯಿತು. ನೀರು ಅಂದರೆ ಅದರಲ್ಲಿ ಕಾಫಿಯೂ ಸೇರುತ್ತದೆ ಎನ್ನುವುದು ಮಾತ್ರ ಅಜ್ಜಿಗೆ ಶ್ರಾವಣ ಶುರುವಾದ ಮೇಲೆ ಹೊಳೆಯಿತು.

ಕಾಫಿ ಬೀಳದ ಅಜ್ಜಿಯ ಎದುರು ಅಪ್ಪನೂ ನಿಲ್ಲುತ್ತಿರಲಿಲ್ಲ. ಬೈಗುಳವೆಲ್ಲ ಅಮ್ಮನಿಗೆ, ಅದರಲ್ಲೂ ಹೆಚ್ಚಿನದು ರಾಗಿಯ ವಿಷಯಕ್ಕೆ. ಹಿತ್ತಲಲ್ಲಿ ರಾಗಿ ತೊಳೆಯುವಾಗ ಅಮ್ಮನ ಕೈಯಿಂದ ಒಂದಿಷ್ಟು ಕಾಳು ನೀರಿನ ಜೊತೆ ಹೊರಗೆ ಹೋಗೇ ಹೋಗುತ್ತಿತ್ತು. "ಅನ್ನಪೂರ್ಣೇನ ಹೀಗೆ ಚೆಲ್ತೀಯಲ್ಲೇ, ಮನೆಗೆ ಒಳ್ಳೇದಾಗುತ್ತಾ?" ಎಂದು ಅಜ್ಜಿ ಶುರು ಮಾಡಿದರೆ ಗೌರಿ ಹುಲ್ಲಿಗೆ ಬಾಯಿ ಹಾಕುವವರೆಗೂ ನಿಲ್ಲುತ್ತಿರಲಿಲ್ಲ.

ಸುತ್ತ ಅಷ್ಟು ಖಾಲಿ ಜಾಗ, ಮೇಲೆ ಸೋನೆಮಳೆ. ಹುಲ್ಲಿಗೇನು ಬರ ಅನ್ನಬಹುದು. ಆದರೆ ಪಾರ್ಥೇನಿಯಂ ಬಂದಿತ್ತಲ್ಲ! ಮೊದಲು ಪಕ್ಕದ ಸೈಟಿನ ಮೂಲೆಯಲ್ಲಿ ನಾಲ್ಕು ಗಿಡ ಕಾಣಿಸಿತ್ತು. ಕ್ಯಾರೆಟ್ ಸೊಪ್ಪಿನಂಥ ಎಲೆ, ಅಕ್ಕಿಕಾಳಿನಂಥ ಬಿಳಿ ಹೂ. ಚೆನ್ನಾಗಿದೆ ಅಂತ ಗೊಂಬೆ ಮದುವೆಗೆ ಅದನ್ನೇ ಅಕ್ಷತೆ ಮಾಡಿ ಎರಚಿದೆವು. ಆಮೇಲೆ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಟ್ಟಿಗೆ ಕೂತು ಮೈಕೈ ಕೆರೆದುಕೊಂಡೆವು. ನೋಡನೋಡುತ್ತ ಅದು ನಮ್ಮ ಎದೆಯೆತ್ತರ ಬೆಳೆದು ಸೈಟಿನಿಂದ ಸೈಟಿಗೆ ದಾಟಿತು. ಅದರ ಕೆಳಗೆ ಗರಿಕೆಯೂ ಉಳಿಯಲಿಲ್ಲ. ಹಸಿವು ತಡೆಯಲಾರದೆ ದನಗಳು ಬೇರೆ ಸೊಪ್ಪಿನ ಜೊತೆ ಅದನ್ನೂ ಒಂದಿಷ್ಟು ನುಂಗಿದರೆ ಹಾಲು ಕಹಿ. ನಮ್ಮ ಬೀದಿಯ ಎರಡು ಮನೆಯವರು ಆಗಲೇ ಕೆಂಪಮ್ಮನ ಹಾಲು ಬಿಡಿಸಿ ಬೂತಿನ ಹಾಲಿಗೆ ಹೋಗಿದ್ದರು.

ಆ ದಿನ ಎಲ್ಲೂ ಗರಿಕೆ ಸಿಗದೆ ಪದ್ಮಕ್ಕ, ಹಸುವಿಗೇನು ಗೊತ್ತಾಗುತ್ತೆ ಅಂತ ಪಾರ್ಥೇನಿಯಂ ಎಲೆಯನ್ನೇ ಹಿಡಿ ತುಂಬ ಕಿತ್ತು ತಂದಿದ್ದಳು. ಹಸುವಿಗೆ ಗೊತ್ತಾಯಿತು. ಮುಖ ತಿರುಗಿಸಿದ್ದಲ್ಲದೆ ಜೋರಾಗಿ ಸೀನಿ, ಅಜ್ಜಿಯ ಮಡಿಸೀರೆಯ ಮೇಲೆಲ್ಲ ಸಿಡಿಸಿತು. ಅಜ್ಜಿ ಮತ್ತೆ ಸ್ನಾನಕ್ಕೆ ಹೋದರು.

"ಏನವ್ವಾ ಮಾಡ್ಲಿ, ಮಾತು ಬರ್ದೆ ಇದ್ರೂ ಅದ್ಕೂ ನಾಲ್ಗೆ ಐತಲ್ಲ," ಎಂದಳು ಕೆಂಪಮ್ಮ. "ಹಿಂದಿನ್ ಬೀದೀಲಿ ಹಾಲು ಕರ್ಕೊಟ್ಟು ಇಂಗೇ ಬತ್ತೀನಿ. ಅಷ್ಟ್ರೊಳ್ಗೆ ಹುಲ್ಲು ನೋಡ್ಕಳಿ. ಆಮ್ಯಾಕೆ ನಾನು ನಿಲ್ಲಕ್ಕಾಗಕಿಲ್ಲ."

ಮನೆಗೆ ಮನೆಯೇ ಹೊರಟಿತು. ಅಪ್ಪ ಬನಿಯನ್ನಿನಲ್ಲೇ ಇಳಿಜಾರಿನ ಕಡೆ, ಪದ್ಮಕ್ಕ ನೀರಿನ ಟ್ಯಾಂಕಿನ ಕಡೆ, ನಾನು ಮೂಲೆಮನೆಗೆ. ಕಣ್ಣು ಹಾಯುವಷ್ಟು ದೂರ ಹಸಿರೋ ಹಸಿರು. ಹಸು ತಿನ್ನುವಂಥದ್ದು ಒಂದು ಹಿಡಿ ಇಲ್ಲ.

ಮೂಲೆಮನೆಯ ಅಂಕಲ್ ರಿಟೈರ್ಡ್ ಇಂಜಿನಿಯರ್. ಕುಕ್ಕರಗಾಲಲ್ಲಿ ಕೂತು, ಕತ್ತರಿಯಿಂದ ಲಾನ್ ಸಮ ಮಾಡುತ್ತಿದ್ದರು.

"ಅಂಕಲ್, ಒಂದೇ ಒಂದು ಹಿಡಿ ಹುಲ್ಲು ಕಿತ್ಕೊಳ್ಲಾ? ಹಸೂಗೆ."

"ಹಸೂಗಾ? ಹಸು ಬರಬಾರದು ಅಂತಲೇ ನಾನು ಗೇಟ್ ಹಾಕ್ಸಿರೋದು! ನರ್ಸರಿಯಿಂದ ತಂದಿರೋ ಹುಲ್ಲಮ್ಮ ಇದು."

"ನಮ್ಮಜ್ಜಿ ಇನ್ನೂ ಕಾಫಿ ಕುಡಿದಿಲ್ಲ ಅಂಕಲ್."

ಅವರು ಕತ್ತರಿ ನಿಲ್ಲಿಸಿ ಒಂದು ಕ್ಷಣ ಯೋಚಿಸಿದರು. "ಪಾಪ. ಬೇಕಾದ್ರೆ ನಮ್ಮನೇಲಿ ಕುಡೀಲಿ," ಎಂದು ಮತ್ತೆ ಕತ್ತರಿಸತೊಡಗಿದರು.

ಬರಿಗೈಲಿ ಬಂದೆ. ಅಜ್ಜಿ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದರು. ಬೈಯುತ್ತಲೂ ಇರಲಿಲ್ಲ. ಅದನ್ನು ನೋಡಿಯೇ ಅಮ್ಮನಿಗೆ ನಿಜವಾಗಿ ಹೆದರಿಕೆಯಾಯಿತು.

"ಅತ್ತೆ, ಕೊತ್ತಂಬರಿ ಸೊಪ್ಪು ಆಗಲ್ವಾ?"

"ದೇವರ ಹತ್ರ ಚೌಕಾಸಿ ಮಾಡ್ತೀಯಾ? ಹುಲ್ಲು ಅಂದ್ರೆ ಹುಲ್ಲು." ದನಿ ತೀರಾ ಸಣ್ಣಗಾಗಿತ್ತು.

ಅಷ್ಟರಲ್ಲಿ ಅಪ್ಪ ಕಣ್ಣು ಕೆಂಪಗೆ ಮಾಡಿಕೊಂಡು, ಮೂಗು ಸೋರಿಸಿಕೊಂಡು, ಮಾತಿಗೊಮ್ಮೆ ಸೀನುತ್ತ ಬಂದರು. "ಅಮ್ಮಾ, ನಾನು ರಾಯಚೂರಿಗೇ ಹೋಗ್ಬಿಡ್ತೀನಿ. ನೀನು ಕಾಫಿ ಕುಡಿ."

ದಾರಿಯಲ್ಲಿ ಪಾರ್ಥೇನಿಯಂ ತಗುಲಿ ನನಗೂ ಕೈ ತುರಿಸುತ್ತಿತ್ತು. ತೊಳೆಯೋಣವೆಂದು ಹಿತ್ತಲಿಗೆ ಹೋದೆ. ಬಚ್ಚಲ ನೀರು ಹರಿಯುವ ಕಡೆ, ಒಗೆಯುವ ಕಲ್ಲಿನ ಮಗ್ಗುಲಲ್ಲಿ, ಎಳೇ ಹಸಿರಿನ ಗರಿಗಳು ಒತ್ತಾಗಿ ನಿಂತಿದ್ದವು. ಅಮ್ಮ ಚೆಲ್ಲಿದ ರಾಗಿ!

"ಅಮ್ಮಾ, ಇದು ಹುಲ್ಲಲ್ವಾ?"

ಅಮ್ಮ ಬಂದು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಬೀದಿಯಲ್ಲಿ ಗೌರಿಯ ಕೊರಳಗಂಟೆ ಕೇಳಿಸಿತು. ಇಬ್ಬರೂ ಕೈಗೆ ಸಿಕ್ಕಷ್ಟು ಕಿತ್ತು, ತೊಳೆದು, ಅಜ್ಜಿಯ ಮುಂದೆ ಹಿಡಿದೆವು.

"ಎಲ್ಲಿತ್ತು?"

"ಬಚ್ಚಲ ಹತ್ರ, ಅತ್ತೆ."

"ಬಚ್ಚಲ ಹತ್ರದ್ದಾ?"

"ಹಸೂಗೆ ಮೈಲಿಗೆ ಇಲ್ಲ ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು?"

ಅಜ್ಜಿ ಬಾಗಿಲಾಚೆ ನೋಡಿದರು. "ಕೆಂಪೀ, ರಾಗಿ ಪೈರು ಹುಲ್ಲೇನೇ?"

"ಹುಲ್ಲಲ್ದೆ ಇನ್ನೇನು ಮಲ್ಲಿಗೆ ಹೂವಾ? ಬೇಗ ಕೊಡ್ರವ್ವಾ."

ಅಜ್ಜಿ ಹುಲ್ಲು ಹಿಡಿದು ಕೈ ಚಾಚಿದರು. ಗೌರಿ ಮೂಸಿತು. ಅಪ್ಪ ಬರುತ್ತಿದ್ದ ಸೀನನ್ನು ಮೂಗು ಹಿಡಿದು ತಡೆದರು. ಗೌರಿ ಮೆಲ್ಲಗೆ ನಾಲಿಗೆ ಚಾಚಿ ಅಷ್ಟನ್ನೂ ಒಂದೇ ಸಲ ಸುತ್ತಿ ಎಳೆದುಕೊಂಡಿತು. ಸಾಲದೆ ಅಜ್ಜಿಯ ಬರಿ ಅಂಗೈಯನ್ನೂ ನೆಕ್ಕಿತು.

ಹಾಲು ಕರೆದಾಯಿತು, ಕಾಫಿ ಬಂತು. ಕೆಂಪಮ್ಮ ಹೋಗದೆ ಗೇಟಿನ ಹತ್ತಿರವೇ ನಿಂತಿದ್ದಳು. ಹಾಲು ಕಹಿಯಿದೆ ಎಂದು ಅವಳಿಗೆ ಗೊತ್ತಿತ್ತು; ಈ ಮನೆಯೂ ಬಿಡಿಸಿಬಿಟ್ಟರೆ ಎನ್ನುವ ಭಯ ಮುಖದಲ್ಲೇ ಕಾಣುತ್ತಿತ್ತು. ಅಜ್ಜಿ ಒಂದು ಗುಟುಕು ಕುಡಿದರು. ಹುಬ್ಬು ಗಂಟಾಯಿತು. ಕೆಂಪಮ್ಮನನ್ನು ನೋಡಿದರು, ಗೌರಿಯನ್ನು ನೋಡಿದರು.

"ಡಿಕಾಕ್ಷನ್ ಸ್ವಲ್ಪ ಸ್ಟ್ರಾಂಗಾಗಿದೆ ಕಣೇ," ಎಂದು ಲೋಟ ಅಮ್ಮನ ಕಡೆ ಚಾಚಿದರು. "ಇನ್ನೊಂಚೂರು ಸಕ್ಕರೆ ಹಾಕು. ಕೆಂಪೀಗೂ ಒಂದು ಲೋಟ ಕೊಡು."

ಮಾರನೆಯ ದಿನದಿಂದ ರಾಗಿ ತೊಳೆಯುವ ಕೆಲಸವನ್ನು ಅಜ್ಜಿಯೇ ವಹಿಸಿಕೊಂಡರು. ಕಾಳು ಹಿಡಿಹಿಡಿಯಾಗಿ ಹಿತ್ತಲಿಗೆ ಬೀಳುತ್ತಿತ್ತು. ಯಾರಾದರೂ ನೋಡಿದರೆ, "ವಯಸ್ಸಾಯ್ತು ನೋಡು, ಕೈ ನಡುಗುತ್ತೆ," ಅನ್ನುತ್ತಿದ್ದರು.

ಶ್ರಾವಣವೇನೋ ಮುಗಿಯಿತು, ಪಾರ್ಥೇನಿಯಂ ಮುಗಿಯಲಿಲ್ಲ. ಅದು ಹೊಸಕೆರೆಹಳ್ಳಿಯ ಕೆರೆಯ ಅಂಗಳಕ್ಕೂ ಇಳಿದ ವರ್ಷ ಮೇಯಿಸಲು ಜಾಗವಿಲ್ಲದೆ ಕೆಂಪಮ್ಮ ಗೌರಿಯನ್ನು ಅಂಜನಾಪುರದ ಆಚೆ ನೆಂಟರ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬಂದಳು. ನಾವೂ ಬೂತಿನ ಸಾಲಿನಲ್ಲಿ ನಿಂತೆವು. ಆಮೇಲೆ ಸೈಟುಗಳ ಮೇಲೆ ಮನೆ, ಮನೆಗಳ ಮೇಲೆ ಮನೆ ಎದ್ದವು. ಹುಲ್ಲನ್ನು ನುಂಗಿದ ಗಿಡವನ್ನು ಸಿಮೆಂಟು ನುಂಗಿತು. ಲಾನ್ ಅಂಕಲ್ ಮನೆ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ನಾನು ಈಗಲೂ ಬನಶಂಕರಿಯಲ್ಲೇ ಇದ್ದೇನೆ, ಮೂರನೇ ಮಹಡಿಯಲ್ಲಿ. ಪ್ಯಾಕೆಟ್ ಹಾಲು ಒಂದು ದಿನವೂ ಕಹಿಯಾಗಿಲ್ಲ. ದೇವರ ದಯೆ, ಇಲ್ಲ ಅನ್ನಬಾರದು. ಹೋದ ತಿಂಗಳು ರಾಗಿ ತೊಳೆಯುವಾಗ ಒಂದಿಷ್ಟು ಕಾಳು ಬಾಲ್ಕನಿಯ ತುಳಸಿ ಕುಂಡಕ್ಕೆ ಬಿದ್ದು, ಇವತ್ತು ನೋಡಿದರೆ ಒಂದು ಹಿಡಿಯಾಗುವಷ್ಟು ಬೆಳೆದು ನಿಂತಿದೆ. ಕಿತ್ತರೆ ಕೊಡುವುದಕ್ಕೆ ಈ ಬೀದಿಯಲ್ಲಿ ಹಸುವಿಲ್ಲ. ಹಾಗೇ ಬಿಟ್ಟಿದ್ದೇನೆ. ಇವತ್ತು ತೊಳೆದ ರಾಗಿ ಇನ್ನೂ ಜರಡಿಯಲ್ಲೇ ಇದೆ; ಬಿಸಿಲು ಆ ಕಡೆ ಸರಿಯುವ ಮುಂಚೆ ಬಟ್ಟೆಯ ಮೇಲೆ ಹರಡಬೇಕು.